ಹೆರಿಗೆ ನೋವಿನ ಹೊತ್ತಲ್ಲಿ ಸ್ಕ್ಯಾನ್ ಹೇಳುವ ತೂಕ: ಎಷ್ಟು ನಂಬಬಹುದು?

ಉಡುಪಿಯಿಂದ ಕೇಳಿದ್ದು: ತಂಗಿಗೆ ಮುಂದಿನ ವಾರ ಡೇಟ್. ಚೊಚ್ಚಲು. ಸ್ಕ್ಯಾನಿನಲ್ಲಿ ಮಗು 3.8 ಕೆಜಿ ಅಂತ ಬಂದಿದೆ. ನೋವು ಶುರುವಾದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ ಅಂದಿದ್ದಾರೆ ಡಾಕ್ಟರ್. ಮನೆಯಲ್ಲಿ ಎಲ್ಲರೂ ಸಿಸೇರಿಯನ್ನೇ ಅಂತ ಹೆದರಿ ಕೂತಿದ್ದಾರೆ. ಅನುಭವ ಇದ್ದವರು ಹೇಳ್ತೀರಾ?

ಮಂಗಳೂರು, ಹೆರಿಗೆ ವಾರ್ಡಿನ ನರ್ಸ್: ಅಕ್ಕಾ, ಸ್ಕ್ಯಾನ್ ಮಗುವನ್ನು ತೂಗುವುದಿಲ್ಲ. ತಲೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಅಳೆದು ಲೆಕ್ಕ ಹಾಕುತ್ತದೆ, ಅಷ್ಟೇ. ಅದು ಶೇ. 10 ಆಚೀಚೆ ಆಗುವುದು ಮಾಮೂಲು, ಒಮ್ಮೊಮ್ಮೆ 15 ಕೂಡ. 3.8 ಅಂದ ಮಗು 3.4 ಇರಬಹುದು, 4.2 ಕೂಡ ಇರಬಹುದು.

ನೋವಿನಲ್ಲಿ ಅಳೆಯುವುದು ಇನ್ನೂ ಕಷ್ಟ. ತಲೆ ಇಳಿದು ಸೊಂಟದ ಎಲುಬಿನ ನಡುವೆ ಕೂತಿರುತ್ತದೆ, ಅಳತೆಗೆ ಸರಿಯಾಗಿ ಸಿಗುವುದಿಲ್ಲ. ನೀರು ಹೋಗಿದ್ದರೆ ಚಿತ್ರವೂ ಮಸುಕು. ಡಾಕ್ಟರ್ ಪ್ರೋಬ್ ಹಿಡಿದುಕೊಂಡು ಒಂದು ನೋವು ಇಳಿಯುವವರೆಗೆ ಕಾಯುತ್ತಾರೆ. ಇನ್ನೊಂದು ಬರುವ ಮೊದಲು ಪರದೆ ಮೇಲೆ ಮಗುವಿನ ಹೊಟ್ಟೆ ಸುತ್ತ ಗೆರೆ ಎಳೆಯಬೇಕು. ಗೆರೆ ಚೂರು ಹೊರಗೆ ಹೋದರೂ ಗ್ರಾಂ ಏರುತ್ತದೆ.

ಅಮೆರಿಕದ ಹೆರಿಗೆ ತಜ್ಞರ ಸಂಘದ ಸಲಹೆಯಲ್ಲಿ, ತೂಕವೊಂದನ್ನೇ ನೋಡಿ ಸಿಸೇರಿಯನ್ ಯೋಚಿಸುವುದು ಸಕ್ಕರೆ ಇಲ್ಲದವರಿಗೆ 5 ಕೆಜಿ, ಇದ್ದವರಿಗೆ 4.5 ಕೆಜಿ ಅಂದಾಜಿನಲ್ಲಿ. ನಮ್ಮಲ್ಲಿ ತಾಯಿಯ ಮೈಕಟ್ಟು ನೋಡಿ ಮೊದಲೇ ಯೋಚಿಸುವುದೂ ಉಂಟು. ನೀವು ಡಾಕ್ಟರ್ ಹತ್ರ ತೂಕ ಮಾತ್ರ ಕೇಳಬೇಡಿ. ತಲೆ ಇಳಿಯುತ್ತಿದೆಯಾ, ಗರ್ಭಕೋಶದ ಬಾಯಿ ತೆರೆಯುತ್ತಿದೆಯಾ, ಮಗುವಿನ ಎದೆಬಡಿತ ಸರಿ ಇದೆಯಾ, ಅದನ್ನು ಕೇಳಿ.

ಸುರತ್ಕಲ್: ತಂಗಿಗೆ ಸಕ್ಕರೆ ಉಂಟಾ ಅಂತ ನೀವು ಹೇಳಲಿಲ್ಲ. ನನಗೆ ಬಸುರಿನಲ್ಲಿ ಸಕ್ಕರೆ ಬಂದಿತ್ತು. ಅಂಥ ಮಕ್ಕಳಿಗೆ ಹೊಟ್ಟೆ, ಭುಜ ದಪ್ಪ ಆಗ್ತದೆ, ತಲೆ ಹೊರಗೆ ಬಂದ ಮೇಲೆ ಭುಜ ಸಿಕ್ಕಿಹಾಕಿಕೊಳ್ಳುವ ಭಯ ಜಾಸ್ತಿ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಸಿಸೇರಿಯನ್ ಆಯಿತು. ಸ್ಕ್ಯಾನ್ ಹೇಳಿದ್ದಕ್ಕಿಂತ ಮಗು ಕಡಿಮೆಯೇ ತೂಗಿತು. ಆದರೂ ನನಗೆ ಬೇಸರ ಇಲ್ಲ, ಯಾಕೆ ಅಂತ ಗೊತ್ತಿತ್ತು ಅಲ್ವಾ.

ಕುಂದಾಪುರ: ನನ್ನ ಎರಡನೇ ಹೆರಿಗೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, "ಮೊದಲ ಮಗುವಿಗಿಂತ ಇದು ದೊಡ್ಡದು ಅನಿಸ್ತದಾ?" ಅಂತ ಕೇಳಿದ್ದರು. ಹೌದು ಅಂದೆ, ಹಾಗೇ ಆಯಿತು. ನಾರ್ಮಲ್ ಹೆರಿಗೆಯೇ ಮಾರಾಯ್ರೆ! ಚೊಚ್ಚಲಿಗೆ ಆ ಅಂದಾಜು ಸಿಗುವುದಿಲ್ಲ. ಅದಕ್ಕೆ ತಾಯಿ ಕಾರ್ಡ್, ಸಕ್ಕರೆ ಪರೀಕ್ಷೆಯ ಚೀಟಿ, ಹಳೆ ಸ್ಕ್ಯಾನ್ ರಿಪೋರ್ಟ್ ಎಲ್ಲ ಈಗಲೇ ಬ್ಯಾಗಿಗೆ ಹಾಕಿಡಿ. ರಾತ್ರಿ ಹೊತ್ತು ಬೇರೆ ಡಾಕ್ಟರ್ ಇದ್ದರೆ ಮಗು ಹೇಗೆ ಬೆಳೆದು ಬಂದಿದೆ ಅಂತ ಅವರಿಗೆ ಅದರಿಂದಲೇ ತಿಳಿಯಬೇಕು.