ಕಾಳುಮೆಣಸಿನ ಬಳ್ಳಿಯ ತುಂಡುಗಳು ಮರ ಹತ್ತದಿರುವುದೇಕೆ?

ಪ್ರಶ್ನೆ (ಮೂಡಿಗೆರೆ): ಹಿತ್ತಲಿನ ಪಣಿಯೂರು-1 ತಳಿಯ ಮೆಣಸಿನ ಬಳ್ಳಿಯ ಅಡ್ಡರೆಂಬೆಗಳನ್ನು ಕತ್ತರಿಸಿ ಕಳೆದ ಮಳೆಗಾಲದಲ್ಲಿ ನೆಟ್ಟಿದ್ದೆ. ಹಲವು ಕೊಳೆತವು, ಉಳಿದವು ಪೊದೆಯಂತೆ ನಿಂತಿವೆ. ಎಲ್ಲಿ ತಪ್ಪಿದೆನೆಂದು ದಯವಿಟ್ಟು ತಿಳಿಸಿ.

ಉತ್ತರ (ಸಕಲೇಶಪುರ): ಅಡ್ಡರೆಂಬೆಯಿಂದ ಪೊದೆಮೆಣಸೇ ಬರುತ್ತದೆ. ಮರಕ್ಕೆ ಹಬ್ಬಿಸಲು ತಾಯಿಬಳ್ಳಿಯ ಬುಡದಿಂದ ಹೊರಡುವ ಹಬ್ಬುಕುಡಿಗಳು ಬೇಕು. ಅವು ನೆಲಕ್ಕೆ ತಾಗಿ ಬೇರು ಬಿಡದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ–ಮಾರ್ಚ್‌ನಲ್ಲಿ ತೀರಾ ಎಳೆಯ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು 2–3 ಗಿಣ್ಣುಗಳ ತುಂಡು ಮಾಡಿ, ತೊಟ್ಟು ಉಳಿಸಿ ಎಲೆ ತೆಗೆದು, ಒಂದು ಗಿಣ್ಣಾದರೂ ಮಣ್ಣಿನೊಳಗಿರುವಂತೆ ಚೀಲದಲ್ಲಿ ನೆಡಿ.

ಉತ್ತರ (ಬೇಲೂರು): ಕೊಳೆಯಲು ನೀರು ನಿಂತದ್ದೇ ಕಾರಣವಿರಬಹುದು. ಚೀಲಕ್ಕೆ ತೂತು ಮಾಡಿ, ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ, ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ. ಉಳಿದ ಪೊದೆಗಳನ್ನು ಮಾತ್ರ ಕೀಳಬೇಡಿ. ಕುಂಡದಲ್ಲಿಟ್ಟರೂ ಅವು ಮನೆಯ ಅಡುಗೆಗೆ ಮೆಣಸು ಕೊಡುತ್ತವೆ.