ಕಾಲೇಜಿನ ಪಿಟಿ ಕ್ಲಾಸಿಂದ ಇಷ್ಟು ವರ್ಷದ ಮೇಲೂ ಯಾರಿಗಾದ್ರೂ ಏನಾದ್ರೂ ಉಳಿದಿದೆಯಾ?

ಹಿಂದಿನ ಬೆಂಚು:
ವಯಸ್ಸು 41. ಹೋದ ವಾರ ಬಿಪಿ 150/96 ಬಂತು. ಡಾಕ್ಟ್ರು ‘ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ’ ಅಂದ್ರು. ಡಿಗ್ರಿಯಲ್ಲಿ ನಮಗೂ ಪಿಟಿ ಇತ್ತು. ನೆನಪಿರೋದು ಇಷ್ಟೇ: ಖೋ ಖೋ ತಂಡದ 12 ಜನ ಆಡೋರು, ಉಳಿದವರು ಬೇವಿನ ಮರದ ಕೆಳಗೆ ಹಾಜರಿ ಹೇಳಿ ಕ್ಯಾಂಟೀನಿಗೆ. ಈಗ ಮಗಳು ಬಿಕಾಂ ಸೇರಿದಾಳೆ. ‘ಅಪ್ಪಾ, ಪಿಟಿಗೆ ಹೋಗ್ಲೇಬೇಕಾ?’ ಅಂತಾಳೆ. ಏನು ಹೇಳ್ಲಿ?

ಗುಂಡು ಎಸೆತ:
ಹಾಸನದ ಕಡೆಯವಳು, 1998ರ ಬ್ಯಾಚು. ನಮ್ಮ ಮೇಡಂ ಮೊದಲ ದಿನವೇ ನಾಡಿ ನೋಡೋದು ಕಲಿಸಿದ್ರು. ಹೆಬ್ಬೆರಳಲ್ಲಿ ಹಿಡೀಬಾರ್ದು, ಅದಕ್ಕೇ ತನ್ನದೊಂದು ಮಿಡಿತ ಇರುತ್ತೆ. ತೋರುಬೆರಳು, ನಡುಬೆರಳು ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದ ನೇರಕ್ಕೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು. ಆಮೇಲೆ ಮೈದಾನ ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸ್ಬೇಕು. ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಓಡಿದ್ವಿ, ಹುಡುಗ್ರು ಕಾಂಪೌಂಡ್ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ಎರಡನೇ ಬಾಣಂತನ ಮುಗಿದ ಮೇಲೆ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಸುಮ್ಮನೆ ಕೂತು ನಾಡಿ ನೋಡಿಕೊಂಡ್ರೆ 112! ಅತ್ತೆ ‘ಹೆತ್ತ ಮೈ, ಹಾಗೇನೇ’ ಅಂದ್ರು. ನಾನು ಬಿಡಲಿಲ್ಲ, ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಏಳು ಚಿಲ್ಲರೆ, ರಕ್ತ ತೀರಾ ಕಮ್ಮಿ. ಆ ಒಂದು ಪೀರಿಯಡ್ಡಿಗೆ ಈಗ್ಲೂ ಕೈ ಮುಗೀತೀನಿ. 4 ಕೆಜಿ ಗುಂಡನ್ನ ಮಾತ್ರ ಆಮೇಲೆ ಮುಟ್ಟಿಲ್ಲ ಬಿಡಿ, ಹೆಸರಲ್ಲಷ್ಟೇ ಉಳಿದಿದೆ.

ಸೀಟಿ ಮೇಷ್ಟ್ರು:
ನಾನು ಆ ಪಿಟಿ ಮೇಷ್ಟ್ರೇ. ಬೇವಿನ ಮರದ ಮಾತು ಚುಚ್ಚಿತು, ಆದ್ರೆ ಸುಳ್ಳಲ್ಲ. ಅಂತರಕಾಲೇಜು ಕಪ್ ತಂದ್ರೆ ಹಾರ ಹಾಕ್ತಾರೆ, ನೂರು ಹುಡುಗ್ರು ದಿನಾ ನಡೆಯೋಕೆ ಶುರು ಮಾಡಿದ್ರೆ ಯಾರೂ ತಿರುಗಿ ನೋಡಲ್ಲ. 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಎನ್‌ಇಪಿ ಬಂದು ಯೋಗ, ಕ್ರೀಡೆಗೂ ಕ್ರೆಡಿಟ್ ಆಯ್ತು ನೋಡಿ, ಮೈದಾನಕ್ಕೇ ಬರದವರೂ ರೆಕಾರ್ಡ್ ಬುಕ್ ಮಾತ್ರ ತಪ್ಪದೆ ತಂದ್ರು.

ಮಗಳನ್ನ ಕಳಿಸಿ ಸಾರ್. ಹೃದಯ ನಿಂತವರ ಎದೆ ಒತ್ತಿ ಉಳಿಸೋಕೆ ನೋಡೋ ಸಿಪಿಆರ್ ಹೇಳಿಕೊಡಿ ಅಂತ ಮೇಷ್ಟ್ರ ಬೆನ್ನು ಬೀಳೋಕೆ ಹೇಳಿ. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತೋದು ಓದಿದ್ರೆ ಬರಲ್ಲ, ತೋಳಿಗೆ ರೂಢಿಯಾಗ್ಬೇಕು. ಎರಡು ನಿಮಿಷಕ್ಕೇ ಸುಸ್ತಾಗುತ್ತೆ, ಮಾಡಿ ನೋಡಿದವರಿಗೇ ಗೊತ್ತು.

ಹಿಂದಿನ ಬೆಂಚು:
ರಾತ್ರಿ ಊಟಕ್ಕೆ ಮುಂಚೆ ಇಬ್ಬರೂ ಎಣಿಸಿದ್ವಿ. ಅವಳದು 76, ನಂದು 92. ‘ನನ್ ಬದಲು ನೀನೇ ಪಿಟಿಗೆ ಹೋಗಪ್ಪಾ’ ಅಂದ್ಲು.