ಐದು ತಿಂಗಳ ಮಗುವಿಗೆ ಮನೆಯಲ್ಲೇ ಮರದ ಆಟಿಕೆ: ಯಾವ ಮರ, ಎಷ್ಟು ದಪ್ಪ, ಯಾವ ಎಣ್ಣೆ?

ಪ್ರಶ್ನೆ: ಹೊಸ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಐದು ತಿಂಗಳು ತುಂಬಿದೆ. ಕೈಗೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ ಹೋಗುತ್ತಿದೆ. ಅವಳಿಗೆಂದು ಒಂದೆರಡು ಮರದ ಆಟಿಕೆಗಳನ್ನು ನಾನೇ ಮಾಡಬೇಕೆಂಬ ಆಸೆಯಿಂದ, ಕಳೆದ ವಾರ 10 ಮಿ.ಮೀ. ದಪ್ಪದ ಹಲಗೆಯಲ್ಲಿ ಒಂದು ಬಳೆಯನ್ನು ಕೊಯ್ದು, ಅರದಿಂದ ಅಂಚು ತಿದ್ದಿ, ಎರಡು ಸಂಜೆ ಕೂತು ಉಜ್ಜಿ ನುಣುಪು ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅವಳಿಗೆ ಕೊಡುವ ಮೊದಲೇ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಸರಿಯಾಗಿ ಎರಡು ಹೋಳಾಯಿತು. ಮುರಿದ ಕಡೆ ಸಿಬಿರು ಎದ್ದಿತ್ತು. ಇದೇ ಅವಳ ಬಾಯಲ್ಲಿದ್ದಾಗ ಮುರಿದಿದ್ದರೆ ಎಂದು ನೆನೆದು ಕೆಲಸವನ್ನು ಅಲ್ಲಿಗೇ ನಿಲ್ಲಿಸಿದ್ದೇನೆ.

ನನ್ನಲ್ಲಿರುವುದು ಕೈಗರಗಸ, ಎರಡು ಅರ, ಡ್ರಿಲ್ ಯಂತ್ರ ಮತ್ತು ಉಪ್ಪುಕಾಗದ ಮಾತ್ರ; ಲೇತ್ ಇಲ್ಲ. ಬಣ್ಣ ಬಳಿದ ಹಳೆಯ ಬಾಗಿಲಿನ ತೇಗದ ತುಂಡುಗಳು, ಸಾಮಾನು ಬಂದ ಪೆಟ್ಟಿಗೆಯ ಬಿಳಿ ಮರ, ಸ್ವಲ್ಪ ಪ್ಲೈವುಡ್ ಮನೆಯಲ್ಲಿವೆ. ಇವುಗಳಲ್ಲಿ ಯಾವುದು ಆದೀತು? ಒಳಗೆ ಕಾಳು ತುಂಬಿದ ಗಿಲಕಿಯನ್ನು ಮಾಡಬಹುದೇ? ಕೊನೆಗೆ ಎಣ್ಣೆ ಹಚ್ಚಬೇಕೋ, ಬೇಡವೋ?

ಉತ್ತರ 1: ಉಳಿ ಹಿಡಿದವನು

ನಿಮ್ಮ ಬಳೆ ಮುರಿದದ್ದು ಮರದ ಎಳೆಯಿಂದ. ಕೆಲಸದ ದೋಷ ಅದರಲ್ಲಿ ಕಡಿಮೆ. ಸೌದೆ ಸೀಳಿದವರಿಗೆಲ್ಲ ಗೊತ್ತಿರುವಂತೆ, ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಎಳೆಗೆ ಅಡ್ಡಲಾಗಿ ಮುರಿಯಬೇಕಾದರೆ ಬೆವರು ಬರುತ್ತದೆ. ಒಂದೇ ಹಲಗೆಯಿಂದ ಬಳೆ ಕೊಯ್ದಾಗ ಎಳೆ ಮೇಲಿನಿಂದ ಕೆಳಕ್ಕೆ ಹರಿದಿದೆ ಎಂದುಕೊಳ್ಳಿ. ಎಡಬಲದ ಭಾಗಗಳಲ್ಲಿ ಎಳೆಗಳು ಬಳೆಯ ಜೊತೆಗೇ ಉದ್ದಕ್ಕೆ ಸಾಗುವುದರಿಂದ ಅಲ್ಲಿ ಬಲವಿರುತ್ತದೆ. ಮೇಲೆ ಮತ್ತು ಕೆಳಗೆ ಮಾತ್ರ ಅವು ಬಳೆಯನ್ನು ಅಡ್ಡ ದಾಟುತ್ತವೆ. ಆ ಎರಡು ಜಾಗಗಳಲ್ಲಿ ಬಳೆಯನ್ನು ಹಿಡಿದಿಟ್ಟಿರುವುದು ಬೆರಳಗಲದ ತುಂಡು ಎಳೆಗಳಷ್ಟೇ. ಮುರಿದ ಹೋಳುಗಳನ್ನು ಜೋಡಿಸಿ ನೋಡಿ, ಬಿರುಕು ಎದುರುಬದುರಾಗಿ ಅಲ್ಲೇ ಇರುತ್ತದೆ.

ಹೀಗಾಗಿ ಮೊದಲ ಆಟಿಕೆಗೆ ಬಳೆಯನ್ನು ಬಿಟ್ಟು, ಎರಡು ತುದಿ ಅಗಲವಾಗಿ ನಡು ಸಣ್ಣಗಿರುವ ಹಿಡಿಯನ್ನು ಮಾಡಿ. 20 ಮಿ.ಮೀ. ದಪ್ಪದ ಹಲಗೆಯಲ್ಲಿ, ಎಳೆ ಉದ್ದಕ್ಕೆ ಹರಿಯುವಂತೆ ನೋಡಿಕೊಂಡು, 11 ಸೆಂ.ಮೀ. ಉದ್ದದ ಆಕಾರವನ್ನು ಗೆರೆ ಹಾಕಿ. ತುದಿಗಳು 55 ಮಿ.ಮೀ. ಅಗಲದ ಗುಂಡು ಬಿಲ್ಲೆಗಳಂತಿರಲಿ. ನಡುಭಾಗ 18 ಮಿ.ಮೀ.ಗಿಂತ ಸಣ್ಣದಾಗುವುದು ಬೇಡ. ನಡುವನ್ನು ಒಂದೇ ಏಟಿಗೆ ಗರಗಸದಿಂದ ಬಾಗಿಸಲು ಹೋಗಬೇಡಿ. ಗೆರೆಯವರೆಗೆ ಅಡ್ಡಕ್ಕೆ ಅರ್ಧರ್ಧ ಬೆರಳಿನ ಅಂತರದಲ್ಲಿ ಕಚ್ಚುಗಳನ್ನು ಕೊಯ್ದರೆ, ನಡುವಿನ ಚೂರುಗಳನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಬಹುದು. ಉಳಿದದ್ದನ್ನು ಅರ ನೋಡಿಕೊಳ್ಳುತ್ತದೆ. ಗಂಟಿರುವ ತುಂಡನ್ನು ಆರಿಸಬೇಡಿ, ಒಣಗಿದ ಗಂಟು ಒಂದು ದಿನ ಕಳಚಿ ಬೀಳುತ್ತದೆ.

ನಿಮ್ಮ ಮನೆಯಲ್ಲಿರುವ ಮೂರರಲ್ಲಿ ಒಂದನ್ನೂ ನಾನು ಬಳಸುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ. ತೇಗ ಮತ್ತು ಬೀಟೆಯ ಧೂಳು ಕೆಲವರ ಚರ್ಮಕ್ಕೆ ಒಗ್ಗುವುದೂ ಇಲ್ಲ. ಪೆಟ್ಟಿಗೆಯ ಮೇಲೆ ‘ಎಚ್‌ಟಿ’ ಎಂಬ ಮುದ್ರೆಯಿದ್ದರೆ ಅದನ್ನು ಬಿಸಿಯಿಂದ ಸಂಸ್ಕರಿಸಿದ್ದಾರೆ ಎಂದರ್ಥ, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಎಂದರ್ಥ. ಆದರೆ ದಾರಿಯಲ್ಲಿ ಅದರ ಮೇಲೆ ಏನೇನು ಚೆಲ್ಲಿತ್ತೋ ಯಾವ ಮುದ್ರೆಯೂ ಹೇಳುವುದಿಲ್ಲ. ಪ್ಲೈವುಡ್ಡಿನ ಅಂಚು ಎಷ್ಟು ಉಜ್ಜಿದರೂ ಸಿಬಿರು ಬಿಡುತ್ತದೆ, ಪದರಗಳ ನಡುವಿನ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ. ಬೀಚ್, ಮೇಪಲ್, ಬರ್ಚ್‌ಗಳಂಥ, ಸಣ್ಣ ರಂಧ್ರಗಳ, ಬಿಗಿಯಾದ ಎಳೆಯ ಗಟ್ಟಿ ಮರದ ಹೊಸ ತುಂಡೊಂದನ್ನು ತನ್ನಿ. ಒಂದು ಹಿಡಿಗೆ ಮರ ಬೇಕಾಗುವುದು ಅಂಗೈಯಷ್ಟು.

ಉತ್ತರ 2: ಇಬ್ಬರು ಮಕ್ಕಳ ತಾಯಿ

ಮೇಲಿನವರು ಹೇಳಿದ ಅಳತೆ ಸರಿಯಾಗಿದೆ, ಅದರ ಕಾರಣವನ್ನು ನಾನು ಸೇರಿಸುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿ.ಮೀ. ಅಗಲದ, ಓರೆ ತಳದ ಒಂದು ಕೊಳವೆಯನ್ನು ಬಳಸುತ್ತಾರೆ. ಆಟಿಕೆಯಾಗಲಿ, ಅದರಿಂದ ಕಳಚಿದ ಚೂರಾಗಲಿ ಆ ಕೊಳವೆಯೊಳಗೆ ಪೂರ್ತಿ ಇಳಿದರೆ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಕೈಯಲ್ಲಿ ಹಿಡಿದು ಆಡುವ ಗಿಲಕಿಗೆ ಇದು ಸಾಲದು. ಅದರ ತುದಿ 35 ಮತ್ತು 50 ಮಿ.ಮೀ. ಅಳತೆಯ ಮೊಟ್ಟೆಯಾಕಾರದ ಕಂಡಿಯಲ್ಲಿ 30 ಮಿ.ಮೀ. ಆಳವನ್ನು ದಾಟಿ ಹೋಗಬಾರದು. ರಟ್ಟಿನಲ್ಲಿ ಇದೇ ಅಳತೆಯ ಕಂಡಿ ಕತ್ತರಿಸಿಟ್ಟುಕೊಂಡರೆ ಎಲ್ಲ ಆಟಿಕೆಗಳನ್ನೂ ತೂರಿಸಿ ನೋಡಬಹುದು. ಡ್ರಿಲ್‌ನಿಂದ ತೂತು ಕೊರೆಯುವುದಾದರೆ 5ರಿಂದ 12 ಮಿ.ಮೀ. ನಡುವಿನ ಅಳತೆಯನ್ನು ಬಿಟ್ಟುಬಿಡಿ, ಎಳೆಯ ಬೆರಳು ಸಿಕ್ಕಿಕೊಳ್ಳುವುದು ಅಂಥ ತೂತುಗಳಲ್ಲೇ.

ಕಾಳು ತುಂಬಿದ ಗಿಲಕಿ ಮಾತ್ರ ದಯವಿಟ್ಟು ಬೇಡ. ಮರ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಜೊಲ್ಲಿನಲ್ಲಿ ದಿನವೂ ನೆನೆಯುತ್ತದೆ. ಅಂಟಿನ ಬೆಸುಗೆ ಎಂದು ಬಿಡುತ್ತದೆ ಎಂದು ಯಾರೂ ಹೇಳಲಾರರು. ಸದ್ದಿಗೇನೂ ಕೊರತೆಯಾಗುವುದಿಲ್ಲ. ಇನ್ನು ಕೆಲವು ತಿಂಗಳಲ್ಲಿ ಅವಳು ಎರಡು ಕೈಯಲ್ಲಿ ಎರಡು ಹಿಡಿಗಳನ್ನು ಹಿಡಿದು ಕುಟ್ಟತೊಡಗಿದಾಗ ಮನೆಯವರೇ ಸಾಕಪ್ಪಾ ಎನ್ನುತ್ತೀರಿ.

ಭಾರದ ಬಗ್ಗೆಯೂ ಯೋಚಿಸಿ. 4 ಸೆಂ.ಮೀ. ಅಳತೆಯ ಬೀಚ್ ಮರದ ಘನವೊಂದು ಸುಮಾರು 45 ಗ್ರಾಂ ತೂಗುತ್ತದೆ. ದೊಡ್ಡವರ ಕೈಗೆ ಅದು ಏನೂ ಅಲ್ಲ, ಆದರೆ ಅಂಗಾತ ಮಲಗಿದ ಮಗು ಕೈ ಸಡಿಲಿಸಿದಾಗ ಅದು ಬೀಳುವುದು ತನ್ನ ಮೂಗಿನ ಮೇಲೆಯೇ. ಹಿಡಿಯನ್ನೂ ಅವಳು ನಿಮ್ಮ ತೊಡೆಯ ಮೇಲೆ ಕೂತಿರುವಾಗ ಮಾತ್ರ ಕೊಡಿ. ಜೋಡಿಸುವ ಘನಗಳು ಅವಳು ತಾನಾಗಿ ಕೂರುವವರೆಗೆ ಕಾಯಲಿ. ಆಟಿಕೆಗೆ ದಾರ ಕಟ್ಟಿ ಕೊರಳಿಗೋ ತೊಟ್ಟಿಲಿಗೋ ತೂಗುಹಾಕುವುದಂತೂ ಬೇಡವೇ ಬೇಡ.

ಉತ್ತರ 3: ಮೇಣದ ಡಬ್ಬಿ

ಎಣ್ಣೆಯ ಪ್ರಶ್ನೆಗೆ ಬರುತ್ತೇನೆ. ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಮಾರುವ ಅಗಸೆ ಎಣ್ಣೆಯನ್ನು ತರಬೇಡಿ. ಬೇಗ ಒಣಗಲೆಂದು ಅದಕ್ಕೆ ಸಾಮಾನ್ಯವಾಗಿ ಕೋಬಾಲ್ಟ್, ಮ್ಯಾಂಗನೀಸ್‌ಗಳಂಥ ಲೋಹಗಳ ಲವಣ ಬೆರೆಸಿರುತ್ತಾರೆ. ಏನೂ ಬೆರೆಸದ ಅಗಸೆ ಎಣ್ಣೆ ಆದೀತು, ಆದರೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ್ದರಿಂದ, ಅಗಲಕ್ಕೆ ಹರಡಿ ಹೊರಗೆ ಒಣಗಿಸಬೇಕು. ಅಕ್ರೋಟಿನ ಎಣ್ಣೆ ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಆ ಕಾಯಿಗೆ ಅಲರ್ಜಿ ಇದೆಯೋ ಇಲ್ಲವೋ ಐದು ತಿಂಗಳಲ್ಲಿ ಗೊತ್ತಾಗಿರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೊದಲ ಆಟಿಕೆಗೆ ಏನನ್ನೂ ಹಚ್ಚದಿರುವುದೇ ಮೇಲು. ಹಾಗೆ ಬಿಟ್ಟರೆ ಜೊಲ್ಲು ತಾಗಿ ಮರ ತರಿತರಿಯಾಗುತ್ತದೆ ಎಂಬ ಮಾತು ನಿಜ; ಅದನ್ನು ಮೊದಲೇ ಮುಗಿಸಿಬಿಡಿ. 120, 180, 240ನೇ ನಂಬರಿನ ಕಾಗದಗಳಿಂದ ಎಳೆಯ ಉದ್ದಕ್ಕೆ ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ, ಒತ್ತಿಹೋಗಿದ್ದ ಸಣ್ಣ ಎಳೆಗಳು ಬೆಕ್ಕಿನ ನಾಲಿಗೆಯಂತೆ ಎದ್ದು ನಿಲ್ಲುತ್ತವೆ. ಅವನ್ನು 240ರ ಕಾಗದದಿಂದ ಹಗುರಾಗಿ ತೆಗೆಯಿರಿ, ಮತ್ತೆ ಒದ್ದೆ ಮಾಡಿ. ಮೂರನೇ ಸಲಕ್ಕೆ ಏಳುವುದು ಬಹುಮಟ್ಟಿಗೆ ನಿಂತಿರುತ್ತದೆ. ಕಡೆಗೆ ಹತ್ತಿಯ ಉಂಡೆಯಿಂದ ಎಲ್ಲ ಅಂಚುಗಳನ್ನೂ ಸವರಿ. ಬೆರಳಿಗೆ ತಿಳಿಯದ ಸಿಬಿರಿಗೆ ಹತ್ತಿ ಸಿಕ್ಕಿಕೊಳ್ಳುತ್ತದೆ.

ಉತ್ತರ 4: ಹೊಸ ಅಪ್ಪ

ಮೂವರಿಗೂ ಧನ್ಯವಾದಗಳು. ಹೋಳುಗಳನ್ನು ಜೋಡಿಸಿ ನೋಡಿದೆ, ಬಿರುಕು ಎದುರುಬದುರಾಗಿಯೇ ಇತ್ತು. ಬೀಚ್ ಮರದಲ್ಲಿ ಹಿಡಿಯನ್ನು ಮಾಡಿ, ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಹತ್ತು ಸಲ ಬೀಳಿಸಿದೆ. ಒಂದು ಅಂಚು ಸ್ವಲ್ಪ ನೆಗ್ಗಿದ್ದು ಬಿಟ್ಟರೆ ಏನೂ ಆಗಲಿಲ್ಲ, ಅದನ್ನೂ ಉಜ್ಜಿ ಸರಿಮಾಡಿದೆ. ಹತ್ತಿಯ ಪರೀಕ್ಷೆಯಲ್ಲಿ ನಡುಬಾಗಿನ ಒಳಗೆ, ಅರ ಸರಿಯಾಗಿ ಹೋಗದ ಕಡೆ, ಮೂರು ಎಳೆ ಸಿಕ್ಕಿಕೊಂಡವು. ಉಪ್ಪುಕಾಗದವನ್ನು ಪೆನ್ಸಿಲ್ಲಿಗೆ ಸುತ್ತಿ ಉಜ್ಜಿದ ಮೇಲೆ ಅಲ್ಲೂ ನುಣುಪಾಯಿತು. ಎಣ್ಣೆ ಹಚ್ಚಿಲ್ಲ. ಹಲ್ಲು ಬಂದ ಮೇಲೆ ಕಚ್ಚಿದ ಗುರುತುಗಳು ಬಿದ್ದರೆ ಮತ್ತೆ ಉಜ್ಜಬೇಕೇ, ಅಥವಾ ಹೊಸದನ್ನೇ ಮಾಡಬೇಕೇ?

ಉತ್ತರ 5: ಇಬ್ಬರು ಮಕ್ಕಳ ತಾಯಿ

ಗುಳಿಯಷ್ಟೇ ಬಿದ್ದಿದ್ದರೆ ಹಾಗೆಯೇ ಇರಲಿ. ಎಳೆ ಎದ್ದಿದ್ದರೆ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ನೀರಲ್ಲಿ ಕುದಿಸಬೇಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ತಡಮಾಡದೆ ಎಸೆದು ಇನ್ನೊಂದನ್ನು ಮಾಡಿ, ಹಲಗೆ ಹೇಗೂ ಉಳಿದಿದೆಯಲ್ಲ.